ಕಾಯಿಲ್‌ಗೂ ಒಂದು ಉದ್ದ ಇದೆ

ಆಂಟೆನಾ ಮ್ಯಾಚಿಂಗ್, ಅಂದರೆ ಆಂಟೆನಾದ ಓಮ್ ಲೆಕ್ಕವನ್ನು ಕೇಬಲ್‌ನದಕ್ಕೆ ಹೊಂದಿಸುವ ಬಗ್ಗೆ ಈ ಅಂಕಣದಲ್ಲಿ ಹಿಂದೆ ಒಂದು ಪುಟ್ಟ ಉತ್ತರ ಬರೆದಿದ್ದೆ. ಕೊನೆಯಲ್ಲಿ "ಕಾಯಿಲ್ ಎಷ್ಟು, ಕೆಪಾಸಿಟರ್ ಎಷ್ಟು ಅಂತ ಲೆಕ್ಕ ಹಾಕಿ, ಕಟ್ಟಿ, ಮುಗೀತು" ಎಂದು ಒಂದು ಸಾಲು ಸೇರಿಸಿದ್ದೆ. ಬರೆಯುವಾಗ ಚೆನ್ನಾಗಿಯೇ ಕಂಡಿತ್ತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ "ಮುಗೀತು" ಮೇಲೆಯೇ. ಕಟ್ಟಿದವರಲ್ಲಿ ಒಬ್ಬರಿಗೂ ಮುಗಿದಿಲ್ಲ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಹಿಡಿದಿದ್ದೇನೆ: ಕಾಯಿಲ್, ಕೆಪಾಸಿಟರ್‌ಗಳನ್ನು ಉದ್ದವಿಲ್ಲದ ಚುಕ್ಕೆಗಳ ಹಾಗೆ ಲೆಕ್ಕ ಹಾಕುವುದು ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ: 145 ಮೆಗಾಹರ್ಟ್ಸ್‌ನ ನನ್ನ ಯಾಗಿ ಆಂಟೆನಾ 20 ಓಮ್ ತೋರಿಸುತ್ತಿತ್ತು. ಅದನ್ನು 50 ಓಮ್ ಮಾಡಲು ನೀವು ಹೇಳಿದಂತೆ ಎಲ್ ನೆಟ್‌ವರ್ಕ್ ಕಟ್ಟಿದೆ: ಒಂದು ಕಾಯಿಲ್ ಸರಣಿಯಲ್ಲಿ, 27 ಪಿಕೋಫ್ಯಾರಡ್ ಕೆಪಾಸಿಟರ್ ಅಡ್ಡಲಾಗಿ. ಲೆಕ್ಕ ಮೂರು ಸಲ ನೋಡಿದೆ, ಸರಿ ಇದೆ. ಆದರೆ ಮೊದಲು 2.5 ಇದ್ದ ಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ, ಪೂರ್ತಿ ಹೊಂದಿದರೆ 1) ಈಗ 2.6. ಕೆಪಾಸಿಟರ್ ಹೊಸದು, ಕಾಲುಗಳನ್ನು ಒಂದೊಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿದ್ದೇನೆ.

ಉತ್ತರ: ಕಾಲುಗಳ ಅಳತೆ ಬರೆದಿದ್ದೀರಲ್ಲ, ಅದಕ್ಕೆ ಥ್ಯಾಂಕ್ಸ್. ಕಳ್ಳ ಅಲ್ಲೇ ಕೂತಿದ್ದಾನೆ.

ನಿಮ್ಮ ಲೆಕ್ಕ ಸರಿ. 20ನ್ನು 50 ಮಾಡಲು ಸರಣಿಯಲ್ಲಿ 24.5 ಓಮ್ ರಿಯಾಕ್ಟೆನ್ಸಿನ (ಆ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ಅಥವಾ ಕೆಪಾಸಿಟರ್ ಒಡ್ಡುವ ತಡೆ) ಕಾಯಿಲ್ ಬೇಕು, ಅಡ್ಡಲಾಗಿ 41 ಓಮ್‌ನ ಕೆಪಾಸಿಟರ್ ಬೇಕು. 145 ಮೆಗಾಹರ್ಟ್ಸ್‌ನಲ್ಲಿ ಅದು 27 ನ್ಯಾನೋಹೆನ್ರಿ, 27 ಪಿಕೋಫ್ಯಾರಡ್. ಆದರೆ ನೇರ ತಂತಿಯೂ ಒಂದು ಇಂಡಕ್ಟರ್ ಅಲ್ವಾ? ಒಂದು ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿ ಅಂತ ಇಟ್ಟುಕೊಳ್ಳಿ. ನಿಮ್ಮ ಕೆಪಾಸಿಟರಿನ ಎರಡು ಕಾಲು ಸೇರಿ 2 ಸೆಂಟಿಮೀಟರ್, ಅಂದರೆ 20 ನ್ಯಾನೋಹೆನ್ರಿ. 145 ಮೆಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ 18 ಓಮ್. ಇದು ಕೆಪಾಸಿಟರಿನ 41 ಓಮ್‌ನಿಂದ ಕಳೆಯುತ್ತದೆ, ಉಳಿಯುವುದು 23. ಅಂದರೆ ನೀವು ಹಾಕಿದ್ದು 27 ಪಿಕೋಫ್ಯಾರಡ್, ಆಂಟೆನಾಗೆ ಸಿಕ್ಕಿದ್ದು 48ರಷ್ಟು. ಈ ಸಂಖ್ಯೆ ಹಾಕಿ ಮತ್ತೆ ಲೆಕ್ಕ ಮಾಡಿದೆ. ಎಸ್‌ಡಬ್ಲ್ಯುಆರ್ ಬಂದದ್ದು 2.6. ನಿಮ್ಮ ಮೀಟರ್ ಒಳ್ಳೇದಿದೆ, ಇಟ್ಟುಕೊಳ್ಳಿ.

ಇದೇ ಕೆಲಸವನ್ನು 7.1 ಮೆಗಾಹರ್ಟ್ಸ್‌ನಲ್ಲಿ ಮಾಡಿದ್ದರೆ ಇದೇ ಕಾಲುಗಳ ರಿಯಾಕ್ಟೆನ್ಸ್ 1 ಓಮ್ ಕೂಡ ಆಗುತ್ತಿರಲಿಲ್ಲ. ನಾನು "ಮುಗೀತು" ಅಂದದ್ದು ಅಲ್ಲಿ ಕೂತುಕೊಂಡು.

ಈಗೇನು ಮಾಡೋದು? ಸುಲಭದ ದಾರಿ: ಕಾಲುಗಳನ್ನು ಹಾಗೇ ಬಿಟ್ಟು 27ರ ಬದಲು 18 ಪಿಕೋಫ್ಯಾರಡ್ ಹಾಕಿ. ಅದರ 61 ಓಮ್‌ನಲ್ಲಿ 18 ಕಳೆದರೆ 43, ಬೇಕಾದ್ದಕ್ಕೆ ತುಂಬ ಹತ್ತಿರ. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ: ಬಿಡಿ ಭಾಗಗಳೇ ಬೇಡ. 50 ಓಮ್‌ನ ಒಂದು ತುಂಡು, 75 ಓಮ್‌ನ ಒಂದು ತುಂಡು ಕೋಆಕ್ಸ್ ಕೇಬಲ್ ತಗೊಂಡು ಎರಡನ್ನೂ ಪ್ಯಾರಲಲ್ ಆಗಿ ಜೋಡಿಸಿ. ಜೋಡಿಯ ಇಂಪೀಡೆನ್ಸ್ 30 ಓಮ್. ಕೇಬಲ್ ಒಳಗೆ ಗಟ್ಟಿ ಪಾಲಿಥೀನ್ ಇದ್ದರೆ ಅಲೆಯ ವೇಗ ಬೆಳಕಿನ ವೇಗದ 66 ಶೇಕಡ. ಹಾಗಾಗಿ ಕಾಲು ತರಂಗಾಂತರ, ಅಂದರೆ ಒಂದು ಅಲೆಯ ಉದ್ದದ ನಾಲ್ಕನೇ ಒಂದು ಭಾಗ, 34 ಸೆಂಟಿಮೀಟರಿಗೆ ಬರುತ್ತದೆ. ಅಷ್ಟು ಉದ್ದ ಕತ್ತರಿಸಿ ಆಂಟೆನಾ ಮತ್ತು ಕೇಬಲ್ ನಡುವೆ ಹಾಕಿದರೆ 20 ಓಮ್ 45 ಆಗುತ್ತದೆ. ಸಾಕು. ಇಲ್ಲಿ ಉದ್ದವೇ ನಿಮ್ಮ ಪರ ಕೆಲಸ ಮಾಡುತ್ತದೆ.

ಪ್ರಶ್ನೆ: ಲಂಪ್ಡ್ ಮಾಡೆಲ್ ಬಳಸಬೇಕಾದರೆ ವಸ್ತು ತರಂಗಾಂತರದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು ಅಂತ ಓದಿದೆ. ಹತ್ತೇ ಯಾಕೆ? ಒಂಬತ್ತಾದರೆ ಏನಾಗುತ್ತೆ?

ಉತ್ತರ: ಏನೂ ಆಗಲ್ಲ. ಹತ್ತರಲ್ಲಿ ಯಾವ ಗೋಡೆಯೂ ಇಲ್ಲ. ಅಲ್ಲಿರುವುದು ಇಳಿಜಾರು.

ಲಂಪ್ಡ್ ಅಂದರೆ ಗಂಟು ಕಟ್ಟಿದ್ದು. ಕಾಯಿಲ್ ಹತ್ತು ಸೆಂಟಿಮೀಟರ್ ಉದ್ದವಿರಲಿ, ಒಂದು ಮೀಟರ್ ಇರಲಿ, ಅದರ ಇಂಡಕ್ಟೆನ್ಸ್ ಅಷ್ಟನ್ನೂ ಒಂದು ಚುಕ್ಕೆಯಲ್ಲಿ ಗಂಟು ಕಟ್ಟಿ ಇಡುತ್ತೇವೆ. ಈ ಚುಕ್ಕೆಗೆ ಉದ್ದ ಇಲ್ಲ. ಒಂದು ಕಡೆ ಒಳಗೆ ಹೋದ ಕರೆಂಟ್ ಅದೇ ಗಳಿಗೆಯಲ್ಲಿ ಇನ್ನೊಂದು ಕಡೆ ಹೊರಗೆ ಬರಬೇಕು. ಬಾಯಿಬಿಟ್ಟು ಹೇಳದೆ ನಾವು ಒಪ್ಪಿಕೊಂಡಿರುವುದು ಇಷ್ಟು: ವಿದ್ಯುತ್ತಿನ ಸುದ್ದಿ ಈ ತುದಿಯಿಂದ ಆ ತುದಿಗೆ ಹೋಗಲು ಸಮಯವೇ ಬೇಡ. ನಿಜದಲ್ಲಿ ಒಂದು ನ್ಯಾನೋಸೆಕೆಂಡಿಗೆ ಅದು ಹೋಗುವುದು 30 ಸೆಂಟಿಮೀಟರ್ ಮಾತ್ರ. 7.1 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತು ಮುಗಿಯಲು 141 ನ್ಯಾನೋಸೆಕೆಂಡ್ ಬೇಕು. ಆ ಲೆಕ್ಕದಲ್ಲಿ 30 ಸೆಂಟಿಮೀಟರ್ ತಂತಿ ಏನೂ ಅಲ್ಲ. 435 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ ಸಿಗುವುದು 2.3 ನ್ಯಾನೋಸೆಕೆಂಡ್. ಅದೇ ತಂತಿ ಅಲ್ಲಿ ಹತ್ತಿರ ಹತ್ತಿರ ಅರ್ಧ ಸುತ್ತು ತಿಂದುಹಾಕುತ್ತದೆ.

ತಪ್ಪು ಎಷ್ಟು ಅಂತ ನೋಡಲು ಎರಡು ತಂತಿ ಪಕ್ಕಪಕ್ಕ ಇಟ್ಟು ಒಂದು ತುದಿಯಲ್ಲಿ ಶಾರ್ಟ್ ಮಾಡಿ. ಗಂಟಿನ ಲೆಕ್ಕದಲ್ಲಿ ಇದು ಸುಮ್ನೆ ಒಂದು ಸಣ್ಣ ಇಂಡಕ್ಟರ್, ಉದ್ದ ಎರಡು ಪಟ್ಟಾದರೆ ರಿಯಾಕ್ಟೆನ್ಸ್ ಎರಡು ಪಟ್ಟು. ನಿಜವಾದ ಲೈನ್, ಅಂದರೆ ಈ ಜೋಡಿ ತಂತಿ, ಕೋನದ ಟ್ಯಾಂಜೆಂಟ್ ಹಿಂದೆ ಹೋಗುತ್ತದೆ. ಕೋನ ಅಂದರೆ ಒಂದು ತರಂಗಾಂತರಕ್ಕೆ 360 ಡಿಗ್ರಿಯಂತೆ ಹಿಡಿದ ಉದ್ದ. ತರಂಗಾಂತರದ ನೂರನೇ ಒಂದು ಭಾಗದಷ್ಟು ಉದ್ದವಿದ್ದಾಗ ಎರಡಕ್ಕೂ ವ್ಯತ್ಯಾಸ ಶೇಕಡ 0.13. ಇಪ್ಪತ್ತನೇ ಒಂದು ಭಾಗಕ್ಕೆ ಶೇಕಡ 3.4. ಹತ್ತನೇ ಒಂದಕ್ಕೆ ಶೇಕಡ 16. ಎಂಟನೇ ಒಂದಕ್ಕೆ ಶೇಕಡ 27. ಕಾಲು ತರಂಗಾಂತರಕ್ಕೆ ಬಂದರೆ ಗಂಟಿನ ಲೆಕ್ಕ ಇನ್ನೂ ಯಾವುದೋ ಓಮ್ ಹೇಳುತ್ತಿರುತ್ತದೆ, ನಿಜವಾದ ಲೈನ್ ಮಾತ್ರ ತೆರೆದ ಸರ್ಕ್ಯೂಟ್ ಆಗಿರುತ್ತದೆ. ಶಾರ್ಟ್ ಮಾಡಿದ ತಂತಿ, ಈ ಕಡೆಯಿಂದ ನೋಡಿದರೆ ಏನೂ ಜೋಡಿಸದ ಹಾಗೆ. ಶೇಕಡ 16 ತಪ್ಪು ನಡೆಯುತ್ತದೆ ಅನ್ನುವವರಿಗೆ ಹತ್ತು, ನಡೆಯಲ್ಲ ಅನ್ನುವವರಿಗೆ ಇಪ್ಪತ್ತು. ಮ್ಯಾಚಿಂಗ್ ವಿಷಯದಲ್ಲಿ ನಾನು ಇಪ್ಪತ್ತರ ಪಕ್ಷ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಶುರುವಿನ ದಿನಗಳಲ್ಲಿ 7.1 ಮೆಗಾಹರ್ಟ್ಸ್‌ಗೆ ಹೈ ವೋಲ್ಟೇಜ್ ತಡೆಯುವ 700 ಪಿಕೋಫ್ಯಾರಡ್ ಕೆಪಾಸಿಟರ್ ಬೇಕಾಗಿತ್ತು. ಕೈಯಲ್ಲಿ ಇರಲಿಲ್ಲ. 50 ಓಮ್ ಕೋಆಕ್ಸ್ ಮೀಟರಿಗೆ 100 ಪಿಕೋಫ್ಯಾರಡ್ ಅಂತ ಗೊತ್ತಿತ್ತು. 7 ಮೀಟರ್ ಕತ್ತರಿಸಿ, ಸುತ್ತಿ, ಒಂದು ತುದಿ ತೆರೆದಿಟ್ಟು ಇನ್ನೊಂದು ತುದಿ ಜೋಡಿಸಿದೆ. ಕೆಪಾಸಿಟೆನ್ಸ್ ಮೀಟರಿನಲ್ಲಿ ಅಳೆದರೆ ಚೊಕ್ಕವಾಗಿ 700. ಟ್ರಾನ್ಸ್‌ಮಿಟರ್ ಒತ್ತಿದರೆ ಪೂರಾ ಶಾರ್ಟ್. ಕೇಬಲ್ ಎಲ್ಲೋ ಒಳಗೆ ಸುಟ್ಟಿದೆ ಅಂತ ಬಿಚ್ಚಿ ಇಡೀ ಸಂಜೆ ಹುಡುಕಿದೆ. ಸುಟ್ಟಿರಲಿಲ್ಲ. ಆ ಕೇಬಲ್‌ನಲ್ಲಿ 7.1 ಮೆಗಾಹರ್ಟ್ಸ್‌ನ ಕಾಲು ತರಂಗಾಂತರ 6.97 ಮೀಟರ್. ಅಳತೆಪಟ್ಟಿ ಹಿಡಿದು ಹುಡುಕಿದ್ದರೂ ಅಷ್ಟು ಸರಿಯಾದ ಶಾರ್ಟ್ ಸರ್ಕ್ಯೂಟ್ ನನಗೆ ಸಿಗುತ್ತಿರಲಿಲ್ಲ! ನಿಜಕ್ಕೂ ಬೇಕಾಗಿದ್ದದ್ದು ಸುಮಾರು 4.45 ಮೀಟರ್. ಕೆಪಾಸಿಟೆನ್ಸ್ ಮೀಟರ್ ಅಳೆದದ್ದು ಕಡಿಮೆ ಫ್ರೀಕ್ವೆನ್ಸಿಯಲ್ಲಿ, ಅಲ್ಲಿ ಅದು ಹೇಳಿದ್ದು ಸತ್ಯವೇ.

ಪ್ರಶ್ನೆ: ನಾನು ಮತ್ತು ನನ್ನ ಗೆಳೆಯ ಮಾತು ಬಿಡುವ ಹಂತಕ್ಕೆ ಬಂದಿದ್ದೇವೆ. 7.1 ಮೆಗಾಹರ್ಟ್ಸ್‌ಗೆ 2.4 ಮೀಟರ್ ಉದ್ದದ ಗಿಡ್ಡ ಆಂಟೆನಾ ಇದೆ, ಬುಡದಲ್ಲಿ ಲೋಡಿಂಗ್ ಕಾಯಿಲ್ (ಗಿಡ್ಡತನ ಸರಿದೂಗಿಸಲು). ಅವನು "ಆಂಟೆನಾದಲ್ಲಿ ಕೊರತೆ ಬಿದ್ದ ಡಿಗ್ರಿಗಳನ್ನೆಲ್ಲ ಕಾಯಿಲ್ ತುಂಬುತ್ತದೆ" ಎನ್ನುತ್ತಾನೆ. ನಾನು "ಕಾಯಿಲ್ ಒಂದು ಇಂಡಕ್ಟರ್, ಎರಡೂ ತುದಿಯಲ್ಲಿ ಕರೆಂಟ್ ಒಂದೇ" ಎನ್ನುತ್ತೇನೆ. ತೀರ್ಪು ಕೊಡಿ. ಕಾಯಿಲ್ 5 ಸೆಂಟಿಮೀಟರ್ ವ್ಯಾಸ, 10 ಸೆಂಟಿಮೀಟರ್ ಉದ್ದ, 32 ಸುತ್ತು.

ಉತ್ತರ: ಈ ಜಗಳ ನಿಮ್ಮಿಬ್ಬರದೇ ಅಂದುಕೊಳ್ಳಬೇಡಿ. ಹವ್ಯಾಸಿ ರೇಡಿಯೋ ಮಂದಿ ಇದರ ಮೇಲೆ ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಅಳತೆ ಕಳಿಸಿದ್ದೀರಿ, ಹಾಗಾಗಿ ಲೆಕ್ಕವೇ ಮಾತಾಡಲಿ. ನಿಮ್ಮ ಗೆಳೆಯರು ಹೇಳುವ ಕೊರತೆ, ಕಾಲು ತರಂಗಾಂತರದ ಆಂಟೆನಾಗೆ ಬೇಕಾದ 90 ಡಿಗ್ರಿಯ ಲೆಕ್ಕದಲ್ಲಿ.

ಮೊದಲು ನಿಮ್ಮ ದಾರಿಯಲ್ಲೇ ಹೋಗೋಣ. 2.4 ಮೀಟರ್ ಕಂಬಿಯ ಕೆಪಾಸಿಟೆನ್ಸ್ ಸುಮಾರು 25 ಪಿಕೋಫ್ಯಾರಡ್ ಅಂತ ಹಿಡಿಯಿರಿ. 7.1ರಲ್ಲಿ ಅದರ ರಿಯಾಕ್ಟೆನ್ಸ್ 900 ಓಮ್. ಅದನ್ನು ಕಳೆಯಲು 20 ಮೈಕ್ರೋಹೆನ್ರಿ ಬೇಕು. ನಿಮ್ಮ ಕಾಯಿಲ್‌ಗೆ ಹೆರಾಲ್ಡ್ ವೀಲರ್ 1928ರಲ್ಲಿ ಕೊಟ್ಟ ಸೂತ್ರ ಹಾಕಿದರೆ ಬರುವುದೂ 20. ಭೇಷ್. ಆದರೆ ನನ್ನ ಅಂದಾಜು, ನೀವು ಕಟ್ಟಿದಾಗ ಆಂಟೆನಾ 7.1ರಲ್ಲಿ ರೆಸೊನೆನ್ಸ್‌ಗೆ (ಕಾಯಿಲ್ ಮತ್ತು ಕೆಪಾಸಿಟೆನ್ಸ್ ಒಂದನ್ನೊಂದು ಪೂರ್ತಿ ಕಳೆಯುವ ಸ್ಥಿತಿ) ಬಂದಿರಲ್ಲ. 6.8ರ ಆಸುಪಾಸಿನಲ್ಲಿ ಬಂದಿರುತ್ತದೆ, ಎರಡು ಮೂರು ಸುತ್ತು ಬಿಚ್ಚಿರುತ್ತೀರಿ. ಹೌದಾ?

ಕಾರಣ ಇದು. ಕಾಯಿಲ್‌ನ ಮೈಗೂ ಕೆಪಾಸಿಟೆನ್ಸ್ ಇದೆ. ಮೆಡ್‌ಹರ್ಸ್ಟ್ ಎಂಬವರು 1947ರಲ್ಲಿ ಬಹಳಷ್ಟು ಕಾಯಿಲ್‌ಗಳನ್ನು ಅಳೆದು ಒಂದು ಪಟ್ಟಿ ಮಾಡಿದರು. ಅದರ ಪ್ರಕಾರ ನಿಮ್ಮ ಆಕಾರದ ಕಾಯಿಲ್‌ಗೆ, ಒಂದು ತುದಿ ನೆಲಕ್ಕೆ ಕಟ್ಟಿದ್ದಾಗ, ಸುಮಾರು 2.5 ಪಿಕೋಫ್ಯಾರಡ್. ಕಂಬಿಯ 25ರ ಪಕ್ಕ ಇದು ಹತ್ತರಲ್ಲಿ ಒಂದು. ಅಂದರೆ ಕಾಯಿಲ್‌ಗೆ ತನ್ನದೇ ರೆಸೊನೆನ್ಸ್ ಕೂಡ ಇದೆ: ಸುಮಾರು 22.4 ಮೆಗಾಹರ್ಟ್ಸ್. ಅಲ್ಲಿ ಅದು ತಾನೇ ಕಾಲು ತರಂಗಾಂತರದ ಲೈನ್ ಆಗಿ ನಿಲ್ಲುತ್ತದೆ. 90 ಡಿಗ್ರಿ. ಹಾಗಾದರೆ 7.1ರಲ್ಲಿ ಅದು ಎಷ್ಟು ಡಿಗ್ರಿ? ಹೆಚ್ಚುಕಡಿಮೆ 27, 28. ಗಂಟಿನ ಲೆಕ್ಕದಲ್ಲಿ ಸೊನ್ನೆ ಆಗಬೇಕಾಗಿತ್ತು.

ಬರೀ 10 ಸೆಂಟಿಮೀಟರ್ ಉದ್ದದ ಕಾಯಿಲ್ 42 ಮೀಟರಿನ ತರಂಗಾಂತರದಲ್ಲಿ 27 ಡಿಗ್ರಿ ಹೇಗಾಯಿತು? ಸುತ್ತಿದ ತಂತಿಯನ್ನು ಬಿಡಿಸಿದರೆ 5 ಮೀಟರ್. ಅಲೆ ತಂತಿಯ ಸುತ್ತುಗಳ ಹಿಂದೆ ಸುತ್ತಿ ಸುತ್ತಿ ಬರಬೇಕಾದ್ದರಿಂದ ಕಾಯಿಲ್‌ನ ಉದ್ದಕ್ಕೆ ಅದರ ವೇಗ ತೀರಾ ಇಳಿದುಹೋಗುತ್ತದೆ. ಅಳತೆಪಟ್ಟಿ ಹಿಡಿದು "ಹತ್ತು ಸೆಂಟಿಮೀಟರ್, ತರಂಗಾಂತರದ ನಾನೂರನೇ ಒಂದು ಭಾಗ, ಲಂಪ್ಡ್ ನಡೆಯುತ್ತೆ" ಎನ್ನುವುದು ಇಲ್ಲಿ ಮೋಸ ಮಾಡುತ್ತದೆ. ನೋಡಬೇಕಾದ ಉದ್ದ ಅಲೆ ಕಂಡ ಉದ್ದ. ನಿಮ್ಮ ಕಾಯಿಲ್ ತರಂಗಾಂತರದ ಹದಿಮೂರನೇ ಒಂದು ಭಾಗ.

ಈಗ ಕರೆಂಟ್. ಬುಡದಲ್ಲಿ 1 ಆಂಪಿಯರ್ ಇದ್ದರೆ ಕಾಯಿಲ್‌ನ ಮೇಲಿನ ತುದಿಯಲ್ಲಿ 27 ಡಿಗ್ರಿಯ ಕೊಸೈನ್, ಅಂದರೆ 0.89. ನೀವು ಹೇಳಿದ "ಒಂದೇ" ಅಲ್ಲ. ನಿಮ್ಮ ಗೆಳೆಯರದು? ಕಂಬಿ 20 ಡಿಗ್ರಿ, ಕೊರತೆ 70. ಕಾಯಿಲ್ ಆ 70ನ್ನೂ ತುಂಬಿದ್ದರೆ ಮೇಲಿನ ಕರೆಂಟ್ 0.34ಕ್ಕೆ ಕುಸಿಯಬೇಕಿತ್ತು. ಹಾಗೂ ಆಗಲ್ಲ. ಇಬ್ಬರೂ ತಪ್ಪು. ನೀವು ಸ್ವಲ್ಪ ಕಮ್ಮಿ ತಪ್ಪು, ಅಷ್ಟೇ.

ಸರಿ, 20 ಮತ್ತು 27 ಸೇರಿ 47. ಉಳಿದ 43 ಡಿಗ್ರಿ ಎಲ್ಲಿ? ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಅದು ಕಾಯಿಲ್ ಮತ್ತು ಕಂಬಿ ಸೇರುವ ಕೀಲಿನಲ್ಲಿದೆ. ಕಂಬಿಯನ್ನು ಲೈನ್ ಅಂತ ನೋಡಿದರೆ ಅದರ ಕ್ಯಾರೆಕ್ಟರಿಸ್ಟಿಕ್ ಇಂಪೀಡೆನ್ಸ್ (ಅದರಲ್ಲಿ ಓಡುವ ಅಲೆಯ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಬರುವ ಓಮ್) ಸುಮಾರು 330 ಓಮ್, ಕಾಯಿಲ್‌ನದು 1,850 ಓಮ್ ಆಸುಪಾಸು. ಕೀಲಿನಲ್ಲಿ ಕಾಣುವ ರಿಯಾಕ್ಟೆನ್ಸ್ ಒಂದೇ, 900 ಓಮ್. ಅದು 330ರ ಲೈನಿನಲ್ಲಿ ತುದಿಯಿಂದ 20 ಡಿಗ್ರಿಯ ಜಾಗ. 1,850ರ ಲೈನಿನಲ್ಲಿ ತುದಿಯಿಂದ 64 ಡಿಗ್ರಿಯ ಜಾಗ. ಒಂದೇ ಚುಕ್ಕೆ, ಎರಡು ವಿಳಾಸ. ಆ ನೆಗೆತದಲ್ಲೇ ಉಳಿದ ಡಿಗ್ರಿಗಳೆಲ್ಲ ಬಂದುಬಿಡುತ್ತವೆ. ಕಾಗದದ ಮೇಲೆ ಕೂಡಿ ನೋಡಿ, ಒಂದೆರಡು ಡಿಗ್ರಿ ಆಚೀಚೆ 90 ಆಗುತ್ತದೆ.

ಹಾಗಾದರೆ ಕಳೆದುಹೋದ ಶೇಕಡ 11 ಕರೆಂಟ್? ಅದು ಕಳೆದುಹೋಗಿಲ್ಲ. ಕಾಯಿಲ್‌ನ ಮೈಯಿಂದ ಗಾಳಿಗೆ ಇಳಿದು, ಕೆಪಾಸಿಟರಿನ ತಟ್ಟೆಗಳ ನಡುವೆ ಹೋಗುವ ಹಾಗೆ ನೆಲಕ್ಕೆ ಹೋಗಿದೆ. ಅದನ್ನೂ ಎಣಿಸಿದರೆ ಕರೆಂಟಿನ ಲೆಕ್ಕ ಪೈಸೆ ಬಿಡದೆ ಸರಿಹೋಗುತ್ತದೆ. ಗಂಟಿನ ಮಾಡೆಲ್‌ಗೆ ಕಾಯಿಲ್‌ನ ಪಕ್ಕದಲ್ಲಿ ಒಂದು 2.5 ಪಿಕೋಫ್ಯಾರಡ್ ಸೇರಿಸಿದರೆ ನಿಮ್ಮ ಆಂಟೆನಾಗೆ ಅದೇ ಸಾಕು. ಆದರೆ ಇಡೀ ಆಂಟೆನಾವನ್ನೇ ಉದ್ದ ಸಪೂರ ಕಾಯಿಲ್ ಥರ ಸುತ್ತಿದ್ದರೆ ಆ ತೇಪೆ ಸಾಲಲ್ಲ. ಎಷ್ಟು ಕೆಪಾಸಿಟರ್ ಅಂತ ಅಂಟಿಸುತ್ತೀರಿ? ಆಗ ಲೈನ್ ಅಂತ ಒಪ್ಪಿಕೊಳ್ಳುವುದೇ ಕಡಿಮೆ ಕೆಲಸ.

ಇಷ್ಟೆಲ್ಲ ಜಗಳ ಆಡುವ ಮೊದಲು ಒಂದು ವಿಷಯ ಇಬ್ಬರೂ ನೋಡಿ. ನಿಮ್ಮ ಆಂಟೆನಾದ ರೇಡಿಯೇಷನ್ ರೆಸಿಸ್ಟೆನ್ಸ್, ಅಂದರೆ ಅಲೆಯಾಗಿ ಹೊರಹೋಗುವ ಪವರ್‌ನ ಪಾಲನ್ನು ಓಮ್‌ನಲ್ಲಿ ಹೇಳಿದರೆ, ಸುಮಾರು 1.3 ಓಮ್. ಕಾಯಿಲ್‌ನ ಕ್ಯೂ (ರಿಯಾಕ್ಟೆನ್ಸ್ ನಷ್ಟದ ಎಷ್ಟು ಪಟ್ಟು ಅನ್ನುವುದು) 200 ಇದ್ದರೂ ಅದರ ನಷ್ಟ 4.5 ಓಮ್. ನೆಲದ ನಷ್ಟ ಇದರ ಮೇಲೆ. ಪವರ್‌ನಲ್ಲಿ ಹೆಚ್ಚಿನದು ಶಾಖವಾಗಿ ಹೋಗುತ್ತಿದೆ. ಕಂಬಿಯ ತುದಿಗೆ ನಾಲ್ಕು ಕಡ್ಡಿಗಳ ಟೋಪಿ ಹಾಕಿದರೆ ಡಿಗ್ರಿಗಳ ತೀರ್ಪಿಗಿಂತ ಹೆಚ್ಚು ಲಾಭ.

ಪ್ರಶ್ನೆ: ಕಾಯಿಲ್‌ನ ಎರಡೂ ತುದಿಗೆ ಕರೆಂಟ್ ಪ್ರೋಬ್ ಹಾಕಿ ಫೇಸ್ (ಕರೆಂಟ್ ಏರಿಳಿಯುವ ಗಳಿಗೆ) ಅಳೆದೆ. ವ್ಯತ್ಯಾಸ ಸೊನ್ನೆ. ವಿಳಂಬ ಇಲ್ಲ ಅಂತ ಆಯ್ತಲ್ಲ?

ಉತ್ತರ: ಆಗಲಿಲ್ಲ. ಈ ಬಲೆಗೆ ನಾನೂ ಬಿದ್ದಿದ್ದೆ.

ತಂತಿವಾದ್ಯದ ಒಂದು ತಂತಿ ಮೀಟಿ, ಅದರ ಮೂಲ ಸ್ವರದ ಅಲುಗಾಟವನ್ನಷ್ಟೇ ನೋಡಿ. ನಡುವೆ, ಕಾಲು ಭಾಗದಲ್ಲಿ, ತುದಿಯ ಹತ್ತಿರ, ಎಲ್ಲ ಚುಕ್ಕೆಗಳೂ ಒಟ್ಟಿಗೇ ಮೇಲೆ ಹೋಗಿ ಒಟ್ಟಿಗೇ ಕೆಳಗೆ ಬರುತ್ತವೆ. ಎಷ್ಟು ಮೇಲೆ ಅನ್ನುವುದು ಬೇರೆ ಬೇರೆ, ಯಾವಾಗ ಅನ್ನುವುದು ಒಂದೇ. ಹಾಗಂತ ತಂತಿಯಲ್ಲಿ ಅಲೆಗೆ ವೇಗವೇ ಇಲ್ಲ ಅನ್ನುತ್ತೀರಾ? ಹೋಗುವ ಅಲೆ, ತುದಿಗೆ ಬಡಿದು ಬರುವ ಅಲೆ, ಎರಡೂ ಸೇರಿ ನಿಂತ ಅಲೆ ಆಗಿದೆ. ಆಂಟೆನಾದ ತುದಿ ತೆರೆದಿರುವುದರಿಂದ ಅಲ್ಲೂ ಹಾಗೇ. 90 ಡಿಗ್ರಿ ಉದ್ದದ ನೇರ ತಂತಿಯಲ್ಲೂ ಬುಡದಿಂದ ತುದಿಯವರೆಗೆ ಕರೆಂಟಿನ ಫೇಸ್ ಹೆಚ್ಚುಕಡಿಮೆ ಒಂದೇ. ಅದನ್ನು ಯಾರೂ ಲಂಪ್ಡ್ ಅನ್ನಲ್ಲ. ನಿಂತ ಅಲೆಯಲ್ಲಿ ಜಾಗದ ಸುಳಿವು ಇರುವುದು ಎತ್ತರದಲ್ಲಿ, ಫೇಸ್‌ನಲ್ಲಿ ಅಲ್ಲ.

ವಿಳಂಬ ನೋಡಲೇಬೇಕು ಅಂದರೆ ಕಾಯಿಲ್‌ನ ಆ ತುದಿಗೆ ಅದರ ಕ್ಯಾರೆಕ್ಟರಿಸ್ಟಿಕ್ ಇಂಪೀಡೆನ್ಸಿಗೆ ಸಮನಾದ ರೆಸಿಸ್ಟರ್ ಹಾಕಿ, ಅಲೆ ವಾಪಸ್ ಬರದ ಹಾಗೆ ಮಾಡಿ ಅಳೆಯಿರಿ. ಮೇಲಿನ ಪ್ರಶ್ನೆಯ ಕಾಯಿಲ್ ಥರದ್ದಾದರೆ 1,800 ಓಮ್‌ನಿಂದ ಶುರು ಮಾಡಬಹುದು. ಪ್ರೋಬ್‌ನ ಕೇಬಲ್ ಕಾಯಿಲ್‌ಗೆ ಹತ್ತಿರ ಹೋದರೆ ಅದೇ ಒಂದೆರಡು ಪಿಕೋಫ್ಯಾರಡ್ ಸೇರಿಸುತ್ತದೆ, ಹುಷಾರು.

ಪ್ರಶ್ನೆ: 7 ಮೆಗಾಹರ್ಟ್ಸ್‌ನಲ್ಲೇ ಇಷ್ಟು ಗೋಳು ಅಂದರೆ 2.4 ಗಿಗಾಹರ್ಟ್ಸ್‌ನ ಬೋರ್ಡುಗಳಲ್ಲಿ ಚಿಪ್ ಕೆಪಾಸಿಟರ್, ಚಿಪ್ ಇಂಡಕ್ಟರ್ ಹಾಕಿ ಹೇಗೆ ಮ್ಯಾಚ್ ಮಾಡುತ್ತಾರೆ?

ಉತ್ತರ: ಆರಾಮಾಗಿ! ಲಂಪ್ಡ್ ಮಾಡೆಲ್‌ಗೆ ಫ್ರೀಕ್ವೆನ್ಸಿಯ ಮೇಲೆ ಯಾವ ದ್ವೇಷವೂ ಇಲ್ಲ. 2.45 ಗಿಗಾಹರ್ಟ್ಸ್‌ನ ತರಂಗಾಂತರ ಗಾಳಿಯಲ್ಲಿ 12.2 ಸೆಂಟಿಮೀಟರ್, ಫೈಬರ್‌ಗ್ಲಾಸ್ ಬೋರ್ಡಿನ ಮೇಲೆ ಸುಮಾರು 7. ಚಿಪ್ ಕೆಪಾಸಿಟರಿನ ಉದ್ದ 1 ಮಿಲಿಮೀಟರ್, ಅಂದರೆ ಎಪ್ಪತ್ತನೇ ಒಂದು ಭಾಗ. ಮೇಲಿನ 7 ಮೆಗಾಹರ್ಟ್ಸ್ ಕಾಯಿಲ್ ಹದಿಮೂರನೇ ಒಂದು ಭಾಗ ಇತ್ತು. ಯಾವುದು ಹೆಚ್ಚು ಲಂಪ್ಡ್ ಅಂತ ನೀವೇ ಹೇಳಿ.

ಅಲ್ಲಿ ಕೈಕೊಡುವುದು ಬೇರೆ ಕಡೆ. ಕೆಪಾಸಿಟರಿನಿಂದ ಕೆಳಗಿನ ಗ್ರೌಂಡ್ ಪದರಕ್ಕೆ ಹೋಗುವ ತೂತು ಸುಮಾರು 1 ನ್ಯಾನೋಹೆನ್ರಿ. 2.45 ಗಿಗಾಹರ್ಟ್ಸ್‌ನಲ್ಲಿ ಅದು 15 ಓಮ್. ಮೊದಲ ಪ್ರಶ್ನೆಯ ಉದ್ದ ಕಾಲುಗಳ ಕಥೆಯೇ, ಸಣ್ಣ ವೇಷದಲ್ಲಿ. ಅದಕ್ಕೇ ಗೊತ್ತಿದ್ದವರು ಒಂದರ ಪಕ್ಕ ಇನ್ನೊಂದು ತೂತು ಕೊರೆಯುತ್ತಾರೆ.

ಪ್ರಶ್ನೆ: ಎಸ್‌ಡಬ್ಲ್ಯುಆರ್ 1.2ಕ್ಕೆ ತಂದು ಇಟ್ಟರೆ, ಕೇಬಲ್ ಮೇಲೆ ಕೈ ಇಟ್ಟ ಕೂಡಲೇ 1.8 ಆಗುತ್ತದೆ. ಕೈ ತೆಗೆದರೆ ಮತ್ತೆ 1.2. ಮ್ಯಾಚಿಂಗ್ ಬಾಕ್ಸಿನಲ್ಲಿ ಲೂಸ್ ಕನೆಕ್ಷನ್ ಇದೆಯಾ?

ಉತ್ತರ: ಬಾಕ್ಸ್ ಬಿಚ್ಚಬೇಡಿ. ಗಂಟಿನ ಚಿತ್ರದಲ್ಲಿ ಆಂಟೆನಾಗೆ ಎರಡು ಕಾಲು. ಒಂದರಲ್ಲಿ ಹೋದ ಕರೆಂಟ್ ಇನ್ನೊಂದರಲ್ಲಿ ವಾಪಸ್. ನಿಮ್ಮಲ್ಲಿ ಮೂರನೇ ಕಾಲು ಇದೆ: ಕೋಆಕ್ಸ್‌ನ ಹೊರಮೈ. ಈ ಫ್ರೀಕ್ವೆನ್ಸಿಗಳಲ್ಲಿ ಕರೆಂಟ್ ಲೋಹದ ಮೇಲ್ಪದರದಲ್ಲಷ್ಟೇ ಹರಿಯುವುದರಿಂದ ಹೆಣಿಗೆಯ ಒಳಮೈ ಒಂದು ತಂತಿ, ಹೊರಮೈ ಇನ್ನೊಂದು ತಂತಿ. ಹೊರಮೈಯ ಕರೆಂಟ್ ಕೆಳಗಿಳಿದು ಬರುತ್ತಿದೆ. ಅಂದರೆ ಕೇಬಲ್ ಕೂಡ ನಿಮ್ಮ ಆಂಟೆನಾದ ಭಾಗ. ಕೈ ಇಟ್ಟರೆ ಆಂಟೆನಾ ಮುಟ್ಟಿದ ಹಾಗೇ.

ಫೀಡ್ (ಕೇಬಲ್ ಆಂಟೆನಾಗೆ ಸೇರುವ ಜಾಗ) ಹತ್ತಿರ ಕೇಬಲ್ ಮೇಲೆ ಫೆರೈಟ್ ಉಂಗುರಗಳನ್ನು ತೊಡಿಸಿ ಆ ದಾರಿ ಮುಚ್ಚಿ. ಆಮೇಲೆ ಅಳೆದರೆ 1.2 ಇರದೆಯೂ ಹೋಗಬಹುದು. ಬೇಜಾರು ಮಾಡಿಕೊಳ್ಳಬೇಡಿ. ಮೊದಲು ನೀವು ಮ್ಯಾಚ್ ಮಾಡಿದ್ದು ಬೇರೆ ಆಂಟೆನಾ.

ಪ್ರಶ್ನೆ: ಆಂಟೆನಾ ಸಾಫ್ಟ್‌ವೇರ್‌ನಲ್ಲಿ ಕಾಯಿಲ್ ಅಂತ ಒಂದು ಲೋಡ್ ಹಾಕಿದರೆ ಒಂದು ಉತ್ತರ, ಅದೇ ಕಾಯಿಲನ್ನು ಸುತ್ತು ಸುತ್ತಾಗಿ ತಂತಿಯಲ್ಲಿ ಬರೆದರೆ ಬೇರೆ ಉತ್ತರ. ಯಾವುದನ್ನು ನಂಬಲಿ?

ಉತ್ತರ: ಸುತ್ತು ಸುತ್ತಾಗಿ ಬರೆದದ್ದನ್ನು. ಇಂಥ ಬಹಳಷ್ಟು ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿರುವುದು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಎನ್‌ಇಸಿ ಎಂಬ ಲೆಕ್ಕದ ಪ್ರೋಗ್ರಾಂ. ಅದು ತಂತಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಪ್ರತಿ ತುಂಡಿಗೂ ಉಳಿದ ಎಲ್ಲ ತುಂಡುಗಳ ಪ್ರಭಾವ ಲೆಕ್ಕ ಹಾಕುತ್ತದೆ. ಆದರೆ ನೀವು "ಲೋಡ್" ಅಂತ ಕೊಟ್ಟರೆ ಒಂದು ತುಂಡಿನ ಮೇಲೆ ಉದ್ದವಿಲ್ಲದ ಗಂಟು ಇಟ್ಟುಬಿಡುತ್ತದೆ. ಕೇಳಿದ್ದು ನೀವೇ, ಅದರ ತಪ್ಪಿಲ್ಲ. ಗುಂಡಗಿನ ಸುತ್ತು ಬರೆಯಲು ಬೇಜಾರಾದರೆ ಚೌಕದ ಸುತ್ತು ಬರೆಯಿರಿ, ಕಾಯಿಲ್‌ನ ನಡತೆ ಅರ್ಥವಾಗಲು ಅಷ್ಟು ಸಾಕು.

ಪ್ರಶ್ನೆ: ಹಾಗಾದರೆ, ಒಂದು ಜಾಗಕ್ಕೆ ಬಂದಷ್ಟೇ ಕರೆಂಟ್ ಹೊರಗೆ ಹೋಗಬೇಕು ಅಂತ ಶಾಲೆಯಲ್ಲಿ ಕಲಿತ ಕಿರ್ಕಾಫ್ ನಿಯಮ ಸುಳ್ಳಾ?

ಉತ್ತರ: ಪಾಪ, ಆತನನ್ನು ಯಾಕೆ ಎಳೆಯುತ್ತೀರಿ. ಗುಸ್ಟಾವ್ ಕಿರ್ಕಾಫ್ ಆ ನಿಯಮಗಳನ್ನು ಕೊಟ್ಟದ್ದು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಹನ್ನೆರಡು ವರ್ಷದ ನಂತರ, 1857ರಲ್ಲಿ, ಅದೇ ಮನುಷ್ಯ ತಂತಿಯಲ್ಲಿ ವಿದ್ಯುತ್ತಿನ ಅಲೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ. ತನ್ನ ನಿಯಮದ ಎಲ್ಲೆ ಎಲ್ಲಿದೆ ಅಂತ ಹುಡುಕಲು ಬೇಕಾದ ಸಂಖ್ಯೆಯನ್ನು ತಾನೇ ಕೊಟ್ಟ ಹಾಗಾಯಿತು. ಆಮೇಲೆ ಆಲಿವರ್ ಹೆವಿಸೈಡ್ ಬಂದು ಟೆಲಿಗ್ರಾಫ್ ತಂತಿಯ ಪೂರ್ತಿ ಸಮೀಕರಣ ಬರೆದ. ಅದರಲ್ಲಿ ಆತ ಮಾಡಿದ್ದೇನು ಗೊತ್ತಾ? ತಂತಿಯನ್ನು ಲೆಕ್ಕವಿಲ್ಲದಷ್ಟು ಸಣ್ಣ ತುಂಡುಗಳಾಗಿ ನೋಡಿದ. ಒಂದೊಂದು ತುಂಡೂ ಒಂದು ಪುಟ್ಟ ಗಂಟು, ಪ್ರತಿ ಗಂಟಿಗೂ ಕಿರ್ಕಾಫ್ ನಿಯಮವೇ. 1939ರಲ್ಲಿ ಫಿಲಿಪ್ ಸ್ಮಿತ್ ಪ್ರಕಟಿಸಿದ ದುಂಡನೆಯ ಚಾರ್ಟಿನಲ್ಲಿ ನಾವು ಇಂದಿಗೂ ಬೆರಳಿಟ್ಟು ತಿರುಗಿಸುವುದು ಆ ಸಮೀಕರಣದ ಉತ್ತರವನ್ನೇ.

ಪ್ರಶ್ನೆ: ನನ್ನ ಮನೆಯಲ್ಲೇ ಕಟ್ಟಿದ ಟ್ಯೂನರ್ (ಹೊಂದಿಸಿಕೊಳ್ಳಬಹುದಾದ ಮ್ಯಾಚಿಂಗ್ ಪೆಟ್ಟಿಗೆ) 3.5ರಲ್ಲಿ, 7ರಲ್ಲಿ ಚಿನ್ನದಂಥ ಕೆಲಸ ಮಾಡುತ್ತದೆ. 28 ಮೆಗಾಹರ್ಟ್ಸ್‌ಗೆ ಹೋದರೆ ಕಾಯಿಲ್ ಬಿಸಿ, ಮ್ಯಾಚ್ ಸಿಗಲ್ಲ. 35 ಸುತ್ತಿನ ಕಾಯಿಲ್, 28ಕ್ಕೆ ಅದರಲ್ಲಿ 3 ಸುತ್ತು ಮಾತ್ರ ಟ್ಯಾಪ್ ಮಾಡಿ (ಕಾಯಿಲ್‌ನ ನಡುವಿಂದಲೇ ಕನೆಕ್ಷನ್ ತೆಗೆದು) ಬಳಸುತ್ತೇನೆ. ಉಳಿದದ್ದು ಸುಮ್ಮನೆ ಇದೆ.

ಉತ್ತರ: ಸುಮ್ಮನೆ ಇಲ್ಲ. ಉಳಿದ 32 ಸುತ್ತಿನ ಒಂದು ತುದಿ ಟ್ಯಾಪಿಗೆ ಅಂಟಿದೆ, ಇನ್ನೊಂದು ತುದಿ ಗಾಳಿಯಲ್ಲಿದೆ. 32 ಸುತ್ತಿನ ಒಂದು ಕಾಯಿಲ್‌ನ ಸ್ವಂತ ರೆಸೊನೆನ್ಸ್ 22 ಮೆಗಾಹರ್ಟ್ಸ್ ಅಂತ ಮೇಲೆ ನೋಡಿದೆವು. ನಿಮ್ಮದು 28ರ ಹತ್ತಿರವೇ ಎಲ್ಲೋ ಇರಬಹುದು. ನೀವು ಬಳಸುವ 3 ಸುತ್ತು ಅದಕ್ಕೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಥರ ಕೆಲಸ ಮಾಡುತ್ತಿದೆ. ಗಾಳಿಯ ತುದಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತಿರಬಹುದು. ಪವರ್ ಇರುವಾಗ ಕೈ ಹಾಕಬೇಡಿ. ಬಳಸದ ಸುತ್ತುಗಳನ್ನು ಟ್ಯಾಪಿನಿಂದ ಆ ತುದಿಗೆ ಒಂದು ಗಿಡ್ಡ ತಂತಿ ಹಾಕಿ ಶಾರ್ಟ್ ಮಾಡಿ. ಸ್ವಲ್ಪ ನಷ್ಟ ಉಳಿಯುತ್ತದೆ, ಟ್ಯಾಪಿನ ಜಾಗ ಸ್ವಲ್ಪ ಬದಲಾಗುತ್ತದೆ, ಪರವಾಗಿಲ್ಲ. ಇನ್ನೂ ಒಳ್ಳೇದು ಅಂದರೆ 28ಕ್ಕೆ ಬೇರೆಯೇ ಒಂದು ಪುಟ್ಟ ಕಾಯಿಲ್ ದೊಡ್ಡದಕ್ಕೆ ಅಡ್ಡಡ್ಡವಾಗಿ ಇಟ್ಟು, ದೊಡ್ಡದನ್ನು ಸ್ವಿಚ್ಚಿನಿಂದ ಪೂರ್ತಿ ಹೊರಗಿಡಿ.

ನನ್ನ ಮೊದಲ ಟ್ಯೂನರಿನಲ್ಲೂ ಟ್ಯಾಪ್ ಆಚೆಯ ಸುತ್ತುಗಳನ್ನು ಹಾಗೇ ಬಿಟ್ಟಿದ್ದೆ. ಒಂದು ರಾತ್ರಿ ಕಾಯಿಲ್‌ನ ಆ ತುದಿಯಿಂದ ಪೆಟ್ಟಿಗೆಯ ಗೋಡೆಗೆ ನೀಲಿ ಕಿಡಿ ಹಾರಿತು. ಪೆಟ್ಟಿಗೆ ಈಗಲೂ ನನ್ನ ಹತ್ತಿರ ಇದೆ. ಕಡಲೆಕಾಳಿನಷ್ಟು ದೊಡ್ಡ ಕರಿ ಚುಕ್ಕೆ, ಏನೂ ಜೋಡಿಸದ ಆ ತುದಿಯ ಎದುರಿಗೇ.